ಕಣ್ಣಿಗೆ ಇಂಜೆಕ್ಷನ್ ಅಂದರೆ ಗಾಬರಿ ಬೇಡ: ವಿಇಜಿಎಫ್ ಪ್ರೋಟೀನ್ ಬಗ್ಗೆ ತಿಳಿದುಕೊಂಡು ಚಿಕಿತ್ಸೆಗೆ ಹೋಗುವ ಬಗೆ

ಶುಗರ್ ಇರುವವರ ಕಣ್ಣು ನೋಡಿ ಡಾಕ್ಟರು "ರೆಟಿನಾದಲ್ಲಿ ನೀರು ತುಂಬಿದೆ, ಕಣ್ಣಿಗೆ ಇಂಜೆಕ್ಷನ್ ಹಾಕಬೇಕು" ಅಂದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. (ರೆಟಿನಾ ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ತೆಳು ಪದರ.) ಕಣ್ಣೊಳಗೆ ಸೂಜಿಯಾ? ಅದೂ ತಿಂಗಳಿಗೊಂದರಂತೆ? ಕೆಲವರು ಮೊದಲನೆಯದಕ್ಕೇ ಹೋಗುವುದಿಲ್ಲ. ಇನ್ನು ಕೆಲವರು ಎರಡು ಹಾಕಿಸಿಕೊಂಡು, ಸ್ವಲ್ಪ ಚೆನ್ನಾಗಿ ಕಾಣತೊಡಗಿದ ಕೂಡಲೇ ನಿಲ್ಲಿಸಿಬಿಡುತ್ತಾರೆ. ನನಗೆ ಜಾಸ್ತಿ ಸಂಕಟವಾಗುವುದು ಈ ಎರಡನೆಯವರನ್ನು ನೋಡಿದಾಗ. ಮದ್ದು ಕಣ್ಣೊಳಗೆ ಏನು ಮಾಡುತ್ತದೆ ಎಂದು ಯಾರಾದರೂ ಐದು ನಿಮಿಷ ಕೂತು ಹೇಳಿದ್ದರೆ ಅವರು ನಿಲ್ಲಿಸುತ್ತಿರಲಿಲ್ಲ.

ಆ ಐದು ನಿಮಿಷದ ಮಾತು ಮೊದಲು ಆಗಲಿ. ಆಮೇಲೆ ಫೈಲ್, ಖರ್ಚು, ಡ್ರಾಪ್ಸ್, ಮುಂದಿನ ಡೇಟ್ ಎಲ್ಲವನ್ನೂ ಒಂದೊಂದಾಗಿ ನೋಡೋಣ. ನೀವು ರೋಗಿಯಾಗಿರಬಹುದು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮಗನೋ ಮಗಳೋ ಆಗಿರಬಹುದು. ಇಬ್ಬರಿಗೂ ಇದು ಬೇಕಾಗುತ್ತದೆ.

ಮೊದಲು ಪ್ರೋಟೀನ್ ಪರಿಚಯ

ಈ ಇಂಜೆಕ್ಷನ್ ತಡೆಯುವುದು ವಿಇಜಿಎಫ್ ಎಂಬ ಪ್ರೋಟೀನನ್ನು. ಪೂರ್ತಿ ಹೆಸರು ವ್ಯಾಸ್ಕುಲರ್ ಎಂಡೋಥೀಲಿಯಲ್ ಗ್ರೋತ್ ಫ್ಯಾಕ್ಟರ್. ಇದರಲ್ಲಿ ಕೆಲವು ಬಗೆಗಳಿವೆ. ಕಣ್ಣಿನ ವಿಷಯದಲ್ಲಿ ಮುಖ್ಯವಾದದ್ದು ವಿಇಜಿಎಫ್-ಎ, ಅದರ ಜೀನ್ ನಮ್ಮ 6ನೇ ಕ್ರೋಮೋಸೋಮ್‌ನಲ್ಲಿದೆ. ರಕ್ತನಾಳಗಳನ್ನು ಬೆಳೆಸುವುದು ಇದರ ಕೆಲಸ.

ದೇಹದ ಯಾವುದೋ ಭಾಗಕ್ಕೆ ಆಕ್ಸಿಜನ್ ಸಾಲದೆ ಬಂದಾಗ ಅಲ್ಲಿನ ಜೀವಕೋಶಗಳು ವಿಇಜಿಎಫ್ ಹೊರಬಿಡುತ್ತವೆ. ಹತ್ತಿರದ ರಕ್ತನಾಳದ ಒಳಗೋಡೆಯ ಕೋಶಗಳ ಮೈಮೇಲೆ ಇದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳಿವೆ. ಹಿಡಿದುಕೊಂಡ ಕೋಶಗಳಲ್ಲಿ ಒಂದು ಮುಂದಾಳಾಗುತ್ತದೆ. ಮೈಯಿಂದ ಸಣ್ಣ ಸಣ್ಣ ಎಳೆಗಳನ್ನು ಚಾಚಿ, ವಿಇಜಿಎಫ್ ಯಾವ ಕಡೆ ಜಾಸ್ತಿ ಇದೆಯೋ ಆ ಕಡೆಗೆ ಸರಿಯುತ್ತದೆ, ಚಪ್ಪರದ ಬಳ್ಳಿಯ ಕುಡಿ ಆಸರೆ ಹುಡುಕಿಕೊಂಡು ಹೋದ ಹಾಗೆ. ಹಿಂದಿನ ಕೋಶಗಳು ಒಂದು ಎರಡಾಗುತ್ತಾ ಅದರ ಬೆನ್ನಿಗೇ ಸಾಗುತ್ತವೆ. ಕೊನೆಗೆ ಹೊಸದೊಂದು ನಾಳ ಆಗುತ್ತದೆ. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಇದು ಬೇಕೇ ಬೇಕು. ಗಾಯ ಮಾಯುವಾಗಲೂ ಬೇಕು. ಎರಡು ಪ್ರತಿ ಇರಬೇಕಾದ ಈ ಜೀನ್‌ನ ಒಂದು ಪ್ರತಿ ಇಲ್ಲದಿದ್ದರೂ ಇಲಿಮರಿ ಹೊಟ್ಟೆಯಲ್ಲೇ ಸಾಯುತ್ತದೆ ಎಂದು 1996ರಲ್ಲಿ ಗೊತ್ತಾಯಿತು.

ಇದಕ್ಕೆ ಇನ್ನೊಂದು ಗುಣವೂ ಇದೆ. ಇದು ನಾಳದ ಗೋಡೆಯನ್ನು ಸಡಿಲ ಮಾಡಿ ಒಳಗಿನ ದ್ರವ ಸೋರುವಂತೆ ಮಾಡುತ್ತದೆ. ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು ಈ ಗುಣವೇ. 1983ರಲ್ಲಿ ಅಮೆರಿಕದ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ಇದನ್ನು ನಾಳ ಸೋರಿಸುವ ವಸ್ತು ಎಂದೇ ಗುರುತಿಸಿದ್ದರು. 1989ರಲ್ಲಿ ನೆಪೋಲಿಯೋನ್ ಫೆರಾರಾ ನಾಳ ಬೆಳೆಸುವ ಪ್ರೋಟೀನ್ ಒಂದನ್ನು ಬೇರ್ಪಡಿಸಿ ಈಗಿನ ಹೆಸರು ಕೊಟ್ಟರು. ಎರಡೂ ಒಂದೇ ಎಂದು ಆಗ ತಿಳಿಯಿತು.

ಈಗ ಶುಗರ್ ಕಣ್ಣಿಗೆ ಬರೋಣ. ವರ್ಷಗಟ್ಟಲೆ ಸಕ್ಕರೆ ಅಂಶ ಜಾಸ್ತಿ ಇದ್ದರೆ ರೆಟಿನಾದ ಕೂದಲೆಳೆಗಿಂತ ತೆಳ್ಳಗಿನ ನಾಳಗಳು ಹಾಳಾಗುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ. ರೆಟಿನಾಗೆ ಆಕ್ಸಿಜನ್ ಕಮ್ಮಿಯಾಗುತ್ತದೆ, ಅದು ವಿಇಜಿಎಫ್ ಬಿಡತೊಡಗುತ್ತದೆ. ಇರುವ ನಾಳಗಳು ಸೋರಿ ರೆಟಿನಾದ ನಡುಭಾಗ ಊದಿಕೊಳ್ಳುತ್ತದೆ. ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ಆ ನಡುಭಾಗವೇ ಮಾಕ್ಯುಲಾ. ಕೆಲವರಲ್ಲಿ ಬೇಡದ ಜಾಗದಲ್ಲಿ ಹೊಸ ನಾಳಗಳೂ ಹುಟ್ಟುತ್ತವೆ. ಅವಕ್ಕೆ ಗಟ್ಟಿ ಗೋಡೆ ಇರುವುದಿಲ್ಲ. ಒಡೆದರೆ ಕಣ್ಣೊಳಗೆ ರಕ್ತ ತುಂಬುತ್ತದೆ, ಎಳೆದರೆ ರೆಟಿನಾ ಕಿತ್ತು ಬರುತ್ತದೆ. ಶುಗರ್ ರೋಗಿಗಳ ಕಣ್ಣಿನ ದ್ರವದಲ್ಲಿ ವಿಇಜಿಎಫ್ ಹೆಚ್ಚಿರುವುದನ್ನು ಬೋಸ್ಟನ್ನಿನ ಲಾಯ್ಡ್ ಐಯೆಲ್ಲೋ ತಂಡ 1994ರಲ್ಲಿ ತೋರಿಸಿತು.

ಇಂಜೆಕ್ಷನ್‌ನಲ್ಲಿರುವ ಮದ್ದು ಕಣ್ಣೊಳಗಿನ ವಿಇಜಿಎಫ್‌ಗೆ ಅಂಟಿಕೊಂಡು ಅದು ರಿಸೆಪ್ಟರ್ ಮುಟ್ಟದಂತೆ ತಡೆಯುತ್ತದೆ. ಸೋರಿಕೆ ನಿಲ್ಲುತ್ತದೆ. ಆದರೆ ಮುಚ್ಚಿಹೋದ ನಾಳಗಳು ತೆರೆದುಕೊಳ್ಳುವುದಿಲ್ಲ. ಅಂದರೆ ವಿಇಜಿಎಫ್ ಹುಟ್ಟುತ್ತಲೇ ಇರುತ್ತದೆ. ಮದ್ದಾದರೋ ಒಂದು, ಒಂದೂವರೆ ವಾರಕ್ಕೆ ಅರ್ಧ ಕಮ್ಮಿಯಾಗುತ್ತಾ ಹೋಗುತ್ತದೆ. ಮತ್ತೆ ಮತ್ತೆ ಹಾಕುವುದು ಇದಕ್ಕೇ. ಇಷ್ಟು ತಿಳಿದಿದ್ದರೆ ಮುಂದಿನ ಪ್ರತಿ ಹೆಜ್ಜೆಗೂ ಅರ್ಥ ಬರುತ್ತದೆ.

ಒಂದನೇ ಹೆಜ್ಜೆ: ಸ್ಕ್ಯಾನ್ ರಿಪೋರ್ಟ್ ಕೈಗೆ ತೆಗೆದುಕೊಳ್ಳಿ

ಓಸಿಟಿ ಎಂಬ ಸ್ಕ್ಯಾನ್ ಮಾಡಿರುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಗಲ್ಲ ಇಟ್ಟು ಒಂದು ಗುರುತನ್ನು ನೋಡುತ್ತಾ ಕೂತರೆ ಮುಗಿಯಿತು. ಬರುವ ಚಿತ್ರದಲ್ಲಿ ರೆಟಿನಾ ಪದರಪದರವಾಗಿ ಕಾಣುತ್ತದೆ. ನಡುವೆ ಸಹಜವಾಗಿ ಒಂದು ಸಣ್ಣ ತಗ್ಗು ಇರಬೇಕು. ಊತ ಇದ್ದರೆ ತಗ್ಗಿನ ಜಾಗದಲ್ಲಿ ಉಬ್ಬು ಕಾಣುತ್ತದೆ, ಪದರಗಳ ನಡುವೆ ಕಪ್ಪು ಗುಳ್ಳೆಗಳಿರುತ್ತವೆ. ಆ ಕಪ್ಪೇ ನೀರು. ಡಾಕ್ಟರಿಗೆ "ಎಲ್ಲಿದೆ ತೋರಿಸಿ ಸಾರ್" ಅಂದರೆ ಬೆರಳಿಟ್ಟು ತೋರಿಸುತ್ತಾರೆ, ಸಂಕೋಚ ಬೇಡ.

ಪಕ್ಕದಲ್ಲಿ ನಡುಭಾಗದ ದಪ್ಪ ಮೈಕ್ರಾನ್‌ನಲ್ಲಿ ಬರೆದಿರುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಆರೋಗ್ಯವಂತ ಕಣ್ಣಿನದು 300 ಮೈಕ್ರಾನ್ ಒಳಗೇ ಇರುತ್ತದೆ. ಯಂತ್ರ ಬೇರೆಯಾದರೆ ಲೆಕ್ಕವೂ ಸ್ವಲ್ಪ ಬೇರೆಯಾಗುತ್ತದೆ. ಆದ್ದರಿಂದ ಪ್ರತಿ ಸಲ ಆದಷ್ಟು ಅದೇ ಆಸ್ಪತ್ರೆಯಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ. ಮೊದಲ ಓಸಿಟಿ ಪ್ರಿಂಟನ್ನು ಕಳೆಯಬೇಡಿ. ಒಂದು ಪ್ಲಾಸ್ಟಿಕ್ ಫೈಲ್ ಕೊಂಡು ತಾರೀಖಿನ ಪ್ರಕಾರ ಜೋಡಿಸಿ. ಮುಂದೆ ಮದ್ದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳುವುದು ಈ ಕಾಗದಗಳೇ.

ಕೆಲವೊಮ್ಮೆ ಕೈಗೆ ಹಳದಿ ಡೈ ಚುಚ್ಚಿ ನಾಳಗಳ ಫೋಟೋ ತೆಗೆಯುತ್ತಾರೆ. ಆ ದಿನ ಮೂತ್ರ ಕಡು ಹಳದಿಯಾಗುತ್ತದೆ, ಹೆದರಬೇಡಿ.

ಎರಡನೇ ಹೆಜ್ಜೆ: ಯಾವ ಮದ್ದು, ಯಾಕೆ, ಎಷ್ಟು ಖರ್ಚು ಎಂದು ಕೇಳಿ

ಮದ್ದು ಒಂದೇ ಅಲ್ಲ. ಬೆವಾಸಿಜುಮ್ಯಾಬ್ 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಮದ್ದು. ಗಡ್ಡೆಗೂ ಬೆಳೆಯಲು ರಕ್ತನಾಳ ಬೇಕಲ್ವಾ, ಅದನ್ನು ತಡೆಯಲು ಮಾಡಿದ್ದು. 2005ರಲ್ಲಿ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಇದನ್ನು ಸಣ್ಣ ಪ್ರಮಾಣದಲ್ಲಿ ಕಣ್ಣೊಳಗೆ ಕೊಟ್ಟು ನೋಡಿದರು. ಫಲ ಸಿಕ್ಕಿತು, ಜಗತ್ತಿನ ತುಂಬ ಹಬ್ಬಿತು. ಕ್ಯಾನ್ಸರ್‌ಗೆ ಕೊಡುವ ಒಂದು ಬಾಟಲಿಯಿಂದ ಕಣ್ಣಿನ ಹಲವು ಡೋಸ್ ಆಗುತ್ತದೆ, ಹಾಗಾಗಿ ಇದು ಅಗ್ಗ. ರಾನಿಬಿಜುಮ್ಯಾಬ್ ಕಣ್ಣಿಗೆಂದೇ ಮಾಡಿದ್ದು, ಬಂದದ್ದು 2006ರಲ್ಲಿ. ಅಫ್ಲಿಬರ್ಸೆಪ್ಟ್ 2011ರಲ್ಲಿ, ಫಾರಿಸಿಮ್ಯಾಬ್ 2022ರಲ್ಲಿ ಬಂದವು. ರಾನಿಬಿಜುಮ್ಯಾಬ್‌ನ ಬಯೋಸಿಮಿಲರ್, ಅಂದರೆ ಮೂಲ ಮದ್ದಿಗೆ ಸಾಟಿಯಾಗಿ ಬೇರೆ ಕಂಪನಿ ಮಾಡಿದ್ದು, ನಮ್ಮ ದೇಶದಲ್ಲಿ 2015ರಿಂದ ಇದೆ. ಅದು ಮೂಲದ್ದಕ್ಕಿಂತ ಕಮ್ಮಿ ಬೆಲೆಗೆ ಸಿಗುತ್ತದೆ.

ದುಬಾರಿಯದೇ ಒಳ್ಳೆಯದಾ? ಹಾಗೇನಿಲ್ಲ. 2015ರಲ್ಲಿ ಬಂದ ಒಂದು ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಶುಗರ್ ಕಣ್ಣಿನ ಊತಕ್ಕೆ ಮೊದಲ ಮೂರು ಮದ್ದುಗಳನ್ನು ಹೋಲಿಸಿದರು. ದೃಷ್ಟಿ ಸ್ವಲ್ಪ ಮಾತ್ರ ಮಂಜಾದವರಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ. ಶುರುವಿನಲ್ಲೇ ದೃಷ್ಟಿ ತುಂಬ ಇಳಿದಿದ್ದವರಲ್ಲಿ ಮೊದಲ ವರ್ಷ ಅಫ್ಲಿಬರ್ಸೆಪ್ಟ್ ಮುಂದಿತ್ತು. ಹಾಗಾಗಿ "ನಮ್ಮ ಕಣ್ಣಿಗೆ ಇದೇ ಯಾಕೆ?" ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ನನ್ನ ಅಭಿಪ್ರಾಯ ಕೇಳಿದರೆ, ಬೆಲೆಬಾಳುವ ಒಂದು ಹಾಕಿಸಿಕೊಂಡು ದುಡ್ಡಿಲ್ಲದೆ ನಿಲ್ಲಿಸುವುದಕ್ಕಿಂತ ಅಗ್ಗದ್ದನ್ನು ಬಿಡದೆ ಹಾಕಿಸಿಕೊಳ್ಳುವುದು ಮೇಲು. ನಿಮ್ಮ ಕೈಲಾಗುವುದು ಇಷ್ಟು ಎಂದು ಡಾಕ್ಟರ ಮುಂದೆ ಮೊದಲೇ ಬಿಚ್ಚಿ ಹೇಳಿ.

ಕೌಂಟರ್‌ನಲ್ಲಿ ಕೇಳುವಾಗ ಮದ್ದಿನ ಬೆಲೆ ಒಂದನ್ನೇ ಕೇಳಬೇಡಿ. ಥಿಯೇಟರ್ ಚಾರ್ಜು, ಸ್ಕ್ಯಾನ್, ಡ್ರಾಪ್ಸ್ ಎಲ್ಲ ಸೇರಿ ಒಂದು ಸಲಕ್ಕೆ ಎಷ್ಟು ಎಂದು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆರೋಗ್ಯ ಯೋಜನೆಯಲ್ಲಿ ಇದು ಬರುತ್ತದೆಯೇ, ಇನ್ಶೂರೆನ್ಸ್ ಇದ್ದರೆ ಅಡ್ಮಿಟ್ ಆಗದೆ ಹಾಕುವ ಇಂಜೆಕ್ಷನ್‌ಗೆ ದುಡ್ಡು ಬರುತ್ತದೆಯೇ ಎಂದೂ ವಿಚಾರಿಸಿ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ, ಜಿಲ್ಲೆಗಳ ಸರ್ಕಾರಿ ಮೆಡಿಕಲ್ ಕಾಲೇಜುಗಳ ಕಣ್ಣಿನ ವಿಭಾಗಗಳಲ್ಲೂ ಒಮ್ಮೆ ವಿಚಾರಿಸಿ ನೋಡಬಹುದು.

ಮೂರನೇ ಹೆಜ್ಜೆ: ಡಾಕ್ಟರಿಗೆ ಮುಚ್ಚಿಡದೆ ಹೇಳಿ

ವಿಇಜಿಎಫ್ ದೇಹದ ಬೇರೆ ಕಡೆ ಬೇಕಾದ ಪ್ರೋಟೀನ್ ಎಂದೆನಲ್ಲ, ಕೆಲವು ಪ್ರಶ್ನೆಗಳು ಹುಟ್ಟುವುದು ಅಲ್ಲಿಂದಲೇ. ಕಣ್ಣಿಗೆ ಹಾಕಿದ ಮದ್ದು ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಹತ್ತಿರದಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಲಕ್ವ ಆಗಿದ್ದರೆ ಹೇಳಲೇಬೇಕು. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ, ಮಗುವಿಗಾಗಿ ಪ್ರಯತ್ನಿಸುತ್ತಿದ್ದರೂ ಹೇಳಬೇಕು.

ಕಣ್ಣು ಕೆಂಪಗಾಗಿ ಪಿಚ್ಚು ಬರುತ್ತಿದ್ದರೆ, ರೆಪ್ಪೆಯ ಮೇಲೆ ಕುಟುರು ಎದ್ದಿದ್ದರೆ ಆ ದಿನ ಇಂಜೆಕ್ಷನ್ ಹಾಕಬಾರದು. ದೂರದ ಊರಿಂದ ಬಂದಿದ್ದೇವೆ ಎಂದು ಸುಮ್ನೆ ಮುಚ್ಚಿಡಬೇಡಿ, ಆ ಸೋಂಕು ಒಳಗೆ ಹೋದರೆ ಕಣ್ಣಿಗೇ ಅಪಾಯ. ಯಾವುದಾದರೂ ಮದ್ದಿಗೆ ಅಲರ್ಜಿ ಇದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಾವೇ ನಿಲ್ಲಿಸಿಬಿಡುವುದುಂಟು. ನಿಲ್ಲಿಸಬೇಡಿ. ಈ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಅದನ್ನು ನಿಲ್ಲಿಸುವ ಅಗತ್ಯ ಬರುವುದಿಲ್ಲ, ನಿಲ್ಲಿಸಿದರೆ ಹೃದಯಕ್ಕೆ ತೊಂದರೆ. ಮಾತ್ರೆಗಳ ಪಟ್ಟಿ ತೋರಿಸಿ, ಅವರು ಹೇಳಿದಂತೆ ಮಾಡಿ.

ನಾಲ್ಕನೇ ಹೆಜ್ಜೆ: ಇಂಜೆಕ್ಷನ್ ದಿನ

ಬೇರೆ ರೀತಿ ಹೇಳದಿದ್ದರೆ ತಿಂಡಿ ತಿಂದು, ಬಿಪಿ ಮತ್ತು ಶುಗರ್ ಮಾತ್ರೆ ನುಂಗಿಯೇ ಹೋಗಿ. ತಲೆಸ್ನಾನ ಆ ದಿನ ಬೆಳಿಗ್ಗೆಯೇ ಆಗಿಬಿಡಲಿ. ಕಾಡಿಗೆ, ಕ್ರೀಮು ಬೇಡ. ಜೊತೆಗೆ ಒಬ್ಬರು ಇರಲಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು, ಬೈಕ್ ಓಡಿಸುವಂತಿಲ್ಲ.

ಒಳಗೆ ಏನಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಯಾವ ಕಣ್ಣು ಎಂದು ಕೇಳಿ ಹಣೆಯ ಮೇಲೆ ಗುರುತು ಹಾಕುತ್ತಾರೆ. ಅವರು ಕೇಳದಿದ್ದರೆ ನೀವೇ ಹೇಳಿ. ಮರಗಟ್ಟಿಸುವ ಡ್ರಾಪ್ಸ್ ಎರಡು ಮೂರು ಸಲ ಬೀಳುತ್ತದೆ. ಮೊದಲ ಹನಿ ಉರಿಯುತ್ತದೆ, ಆಮೇಲಿನದು ಗೊತ್ತಾಗುವುದಿಲ್ಲ. ರೆಪ್ಪೆ ಮತ್ತು ಸುತ್ತಲಿನ ಚರ್ಮವನ್ನು ಕಂದು ಬಣ್ಣದ ಪೊವಿಡೋನ್ ಅಯೋಡಿನ್‌ನಿಂದ ಒರೆಸಿ, ಕಣ್ಣೊಳಗೂ ಒಂದೆರಡು ಹನಿ ಬಿಡುತ್ತಾರೆ. ಸೋಂಕು ತಡೆಯುವಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಎಷ್ಟೇ ಚುರುಗುಟ್ಟಿದರೂ ಬೇಡ ಅನ್ನಬೇಡಿ. ಮುಖದ ಮೇಲೆ ಬಟ್ಟೆ ಹೊದಿಸಿ, ಕಣ್ಣು ಮಿಟುಕದಂತೆ ಒಂದು ಸಣ್ಣ ಕ್ಲಿಪ್ ಇಡುತ್ತಾರೆ. ತುಂಬ ಜನಕ್ಕೆ ಸೂಜಿಗಿಂತ ಈ ಕ್ಲಿಪ್ಪೇ ಕಿರಿಕಿರಿ.

ಕರಿಗುಡ್ಡೆಯ ಅಂಚಿನಿಂದ 3.5 ಅಥವಾ 4 ಮಿಲಿಮೀಟರ್ ಅಳೆದು ಬಿಳಿಭಾಗದಲ್ಲಿ ಗುರುತು ಮಾಡುತ್ತಾರೆ. ಆ ಜಾಗದಲ್ಲಿ ರೆಟಿನಾಗೂ ಏಟಿಲ್ಲ, ಲೆನ್ಸ್‌ಗೂ ಏಟಿಲ್ಲ. "ಆ ಕಡೆ ನೋಡಿ" ಅನ್ನುತ್ತಾರೆ. ಆ ಕಡೆ ನೋಡುತ್ತಾ ಅಲ್ಲಾಡದೆ ಇರುವುದೊಂದೇ ನಿಮ್ಮ ಕೆಲಸ. ಕೆಮ್ಮು ಬರುವಂತಿದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಸೂಜಿ ತುಂಬ ತೆಳ್ಳಗಿನದು, ಒಳಹೋಗುವ ಮದ್ದು ಬರೀ 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು. ಒತ್ತಿದ ಹಾಗೆ ಅನಿಸುತ್ತದೆ, ಕೆಲವು ಸೆಕೆಂಡಿನಲ್ಲಿ ಮುಗಿಯುತ್ತದೆ. ಡಾಕ್ಟರು ಬೆರಳು ತೋರಿಸಿ "ಎಷ್ಟು?" ಎಂದು ಕೇಳಬಹುದು. ಕಾಣುತ್ತಿದೆಯಾ ಎಂದು ನೋಡುವುದಕ್ಕೆ.

ಹೊರಡುವ ಮುಂಚೆ ಮದ್ದಿನ ಸ್ಟಿಕ್ಕರ್ ಕೇಳಿ ಫೈಲಿಗೆ ಅಂಟಿಸಿ. ಬ್ಯಾಚ್ ನಂಬರು, ಎಕ್ಸ್‌ಪೈರಿ ಅದರಲ್ಲಿರುತ್ತದೆ. ಸ್ಟಿಕ್ಕರ್ ಇಲ್ಲದಿದ್ದರೆ ಮದ್ದಿನ ಹೆಸರು, ಯಾವ ಕಣ್ಣು, ತಾರೀಖು ಮೂರನ್ನೂ ಬರೆಸಿಕೊಳ್ಳಿ.

ಐದನೇ ಹೆಜ್ಜೆ: ಮೊದಲ ವಾರ

ಮನೆಗೆ ಬಂದ ಮೇಲೆ ಆ ದಿನ ಉರಿ, ನೀರು ಸೋರುವುದು, ಮರಳು ಬಿದ್ದ ಹಾಗೆ ಚುಚ್ಚುವುದು ಸಹಜ. ಬಿಳಿಭಾಗದಲ್ಲಿ ರಕ್ತಗೆಂಪು ಕಲೆ ಆಗಬಹುದು. ನೋಡಲು ಭಯವಾದರೂ ಅದು ಮೇಲ್ಪದರದ್ದು, ಒಂದೆರಡು ವಾರದಲ್ಲಿ ಹೋಗುತ್ತದೆ. ಕಣ್ಣ ಮುಂದೆ ದುಂಡಗಿನ ಗುಳ್ಳೆ ತೇಲಿದರೆ ಅದು ಗಾಳಿಯ ಗುಳ್ಳೆ ಇರಬಹುದು, ಒಂದೆರಡು ದಿನದಲ್ಲಿ ಕರಗುತ್ತದೆ.

ಕಣ್ಣುಜ್ಜಬೇಡಿ. ಕೆಲವು ದಿನ ಕಣ್ಣಿಗೆ ನಲ್ಲಿ ನೀರು ತಾಗಿಸಬೇಡಿ. ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೆರೆ, ಹೊಳೆ, ಈಜು ಬೇಡ. ಒಲೆಯ ಹೊಗೆ, ಕೊಟ್ಟಿಗೆ, ಹೊಲದ ಧೂಳಿನಿಂದಲೂ ಅಷ್ಟು ದಿನ ದೂರ ಇರಿ. ಜೇನುತುಪ್ಪ, ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಬೇಡ. ಕೊಟ್ಟ ಡ್ರಾಪ್ಸ್ ಹಾಕುವ ಮುಂಚೆ ಸೋಪಿನಲ್ಲಿ ಕೈ ತೊಳೆದು, ಬಾಟಲಿಯ ತುದಿ ರೆಪ್ಪೆಗೆ ತಾಗದ ಹಾಗೆ ಹಾಕಿ.

ಈಗ ಹೇಳುವುದನ್ನು ಮನೆಯವರೆಲ್ಲ ತಿಳಿದಿರಬೇಕು. ನೋವು ದಿನದಿಂದ ದಿನಕ್ಕೆ ಕಮ್ಮಿಯಾಗುವ ಬದಲು ಜಾಸ್ತಿಯಾದರೆ, ಕಣ್ಣು ಹೆಚ್ಚುಹೆಚ್ಚು ಕೆಂಪಾದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಇದ್ದಕ್ಕಿದ್ದಂತೆ ಇಳಿದರೆ, ಅದು ಕಣ್ಣೊಳಗಿನ ಸೋಂಕು ಇರಬಹುದು. ಕೆಲವು ಸಾವಿರ ಇಂಜೆಕ್ಷನ್‌ಗೆ ಒಂದರಂತೆ ಬರುವ ಅಪರೂಪದ ತೊಂದರೆ ಇದು, ಹೆಚ್ಚಾಗಿ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಅಪರೂಪವೇನೋ ಹೌದು, ಆದರೆ ಬಂದರೆ ಗಂಟೆಗಳ ಲೆಕ್ಕ. ಬೆಳಗಾಗಲಿ, ಸೋಮವಾರ ಬರಲಿ, ಹಬ್ಬ ಮುಗಿಯಲಿ ಎಂದು ಕಾಯಬೇಡಿ. ಎದ್ದು ಹೊರಡಿ. ಮಿಂಚು ಹೊಡೆದ ಹಾಗೆ ಬೆಳಕು, ಕಪ್ಪು ಚುಕ್ಕೆಗಳ ಮಳೆ, ಕಣ್ಣಿಗೆ ಅಡ್ಡ ಪರದೆ ಬಿದ್ದ ಹಾಗೆ ಆದರೆ ರೆಟಿನಾ ಕಿತ್ತಿರುವ ಸೂಚನೆ. ಆಗಲೂ ಹೀಗೇ ಮಾಡಬೇಕು. ಕೈಕಾಲು ಸೋತರೆ, ಮಾತು ತೊದಲಿದರೆ, ಎದೆನೋವು ಬಂದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾ ಹೊತ್ತು ಕಳೆಯದೆ ಸೀದಾ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ತುರ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು ಎನ್ನುವ ನಂಬರನ್ನು ಇಂಜೆಕ್ಷನ್ ದಿನವೇ ಕೇಳಿ ಫೈಲಿನ ಮೇಲೆ ದಪ್ಪಗೆ ಬರೆದಿಡಿ.

ಆರನೇ ಹೆಜ್ಜೆ: ಮುಂದಿನ ಡೇಟ್ ತಪ್ಪಿಸಬೇಡಿ

ಸಾಮಾನ್ಯವಾಗಿ ಮೊದಮೊದಲು ತಿಂಗಳಿಗೊಂದರಂತೆ ಮೂರರಿಂದ ಐದು ಇಂಜೆಕ್ಷನ್ ಹಾಕುತ್ತಾರೆ. ಆಮೇಲೆ ಓಸಿಟಿ ನೋಡಿಕೊಂಡು ಅಂತರ ಹೆಚ್ಚಿಸುತ್ತಾರೆ. "ಹಾಗಾದರೆ ಜೀವನಪೂರ್ತಿನಾ?" ಎಂದು ಎಲ್ಲರೂ ಕೇಳುತ್ತಾರೆ. ಶುಗರ್ ಕಣ್ಣಿನ ಊತದಲ್ಲಿ ಸಮಾಧಾನದ ಸಂಗತಿ ಒಂದಿದೆ. ಅಮೆರಿಕದ ಒಂದು ದೀರ್ಘ ಅಧ್ಯಯನದಲ್ಲಿ ರಾನಿಬಿಜುಮ್ಯಾಬ್ ಪಡೆದವರಿಗೆ ಮೊದಲ ವರ್ಷ ಸುಮಾರು 8-9 ಇಂಜೆಕ್ಷನ್ ಬೇಕಾಯಿತು. ಎರಡನೇ ವರ್ಷ 2-3, ಮೂರನೇ ವರ್ಷ 1-2 ಸಾಕಾಯಿತು. ಅಂದರೆ ಕಷ್ಟವೆಲ್ಲ ಮೊದಲ ವರ್ಷದ್ದು. ವಯಸ್ಸಿನಿಂದ ಬರುವ ಮಾಕ್ಯುಲಾ ಕಾಯಿಲೆಯಲ್ಲಿ ಹೀಗಲ್ಲ, ಅದರಲ್ಲಿ ವರ್ಷಗಟ್ಟಲೆ ಬೇಕಾಗಬಹುದು.

ಸುಗ್ಗಿ, ಮದುವೆ, ದುಡ್ಡಿನ ತಾಪತ್ರಯ, ಕರೆದುಕೊಂಡು ಹೋಗುವವರಿಲ್ಲ, ಹೀಗೆ ಕಾರಣಗಳು ಬರುತ್ತವೆ. ಎಲ್ಲ ನಿಜವಾದ ಕಾರಣಗಳೇ. ಬರಲಾಗದಿದ್ದರೆ ಫೋನ್ ಮಾಡಿ ಒಂದು ವಾರ ಆಚೆ ಡೇಟ್ ತೆಗೆದುಕೊಳ್ಳಿ, ಪೂರ್ತಿ ಬಿಟ್ಟುಬಿಡಬೇಡಿ. ನಿಯಮಿತವಾಗಿ ಬರುವುದು ಆಗದ ಮಾತು ಎಂದು ನಿಮಗೆ ಮೊದಲೇ ಗೊತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳುವುದು ತುಂಬ ಮುಖ್ಯ. ಹೊಸ ನಾಳ ಹುಟ್ಟಿರುವ ಕಣ್ಣಿಗೆ ಬರೀ ಇಂಜೆಕ್ಷನ್ ಕೊಟ್ಟು, ರೋಗಿ ಆರೇಳು ತಿಂಗಳು ಬರದೇ ಹೋದರೆ ಆ ಕಣ್ಣು ಲೇಸರ್ (ರೆಟಿನಾಗೆ ಬೆಳಕಿನ ಕಿರಣದಿಂದ ಕೊಡುವ ಚಿಕಿತ್ಸೆ) ಮಾಡಿಸಿಕೊಂಡ ಕಣ್ಣಿಗಿಂತ ಜಾಸ್ತಿ ಹಾಳಾಗುತ್ತದೆ ಎಂದು ಕಂಡುಬಂದಿದೆ. ಲೇಸರ್‌ನ ಫಲ ದೀರ್ಘಕಾಲ ಉಳಿಯುತ್ತದೆ. ನಿಮ್ಮ ಪರಿಸ್ಥಿತಿ ಗೊತ್ತಾದರೆ ಡಾಕ್ಟರು ಲೇಸರನ್ನೇ ಆರಿಸಬಹುದು, ಅಥವಾ ಎರಡನ್ನೂ ಸೇರಿಸಬಹುದು.

ಜೊತೆಜೊತೆಗೆ ಶುಗರ್, ಬಿಪಿ ಹಿಡಿತದಲ್ಲಿರಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟನ್ನೂ ಕಣ್ಣಿನ ಫೈಲಿನಲ್ಲೇ ಇಡಿ. ರಕ್ತಹೀನತೆ, ಕಿಡ್ನಿ ತೊಂದರೆ ಇದ್ದರೆ ಊತ ಬೇಗ ಇಳಿಯುವುದಿಲ್ಲ, ಅವನ್ನೂ ನೋಡಿಸಿ. ಬೀಡಿ ಸಿಗರೇಟು ಬಿಡಿ.

ಏಳನೇ ಹೆಜ್ಜೆ: ಮನೆಯಲ್ಲೇ ಕಣ್ಣು ನೋಡಿಕೊಳ್ಳಿ

ವಾರಕ್ಕೊಮ್ಮೆ ಒಂದು ನಿಮಿಷ ಸಾಕು. ಮಕ್ಕಳ ಗ್ರಾಫ್ ಹಾಳೆಯಲ್ಲಿ 10 ಸೆಂಟಿಮೀಟರ್ ಚೌಕ ಬರೆದು, ಒಳಗೆ ಅರ್ಧ ಸೆಂಟಿಮೀಟರಿಗೆ ಒಂದರಂತೆ ಅಡ್ಡ ಉದ್ದ ಗೆರೆ ಎಳೆದು, ನಡುವೆ ಒಂದು ಕಪ್ಪು ಚುಕ್ಕೆ ಇಡಿ. ಓದುವ ಕನ್ನಡಕ ಹಾಕಿಕೊಂಡು, ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದು ಕಣ್ಣು ಅಂಗೈಯಿಂದ ಮುಚ್ಚಿ ಚುಕ್ಕೆಯನ್ನೇ ನೋಡಿ. ಗೆರೆ ಡೊಂಕಾಗಿ ಕಂಡರೆ, ಎಲ್ಲಾದರೂ ಅಳಿಸಿದ ಹಾಗಿದ್ದರೆ ಪೆನ್ಸಿಲಿನಲ್ಲಿ ಆ ಜಾಗ ಗುರುತಿಸಿ, ತಾರೀಖು ಹಾಕಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ತೊಂದರೆಯನ್ನು ಮುಚ್ಚಿಹಾಕುತ್ತದೆ, ಆದ್ದರಿಂದ ಒಂದೊಂದೇ. ಹಾಳೆ ಇಲ್ಲದಿದ್ದರೆ ಕಿಟಕಿಯ ಸರಳನ್ನೇ ನೋಡಿ. ನೆಟ್ಟಗಿರುವ ಸರಳು ಬಾಗಿ ಕಂಡರೆ ಡೇಟ್ ಬರುವವರೆಗೆ ಕಾಯದೆ ಹೋಗಿ.

ಇದಾವುದೂ ವರ್ಷದ ತಪಾಸಣೆಗೆ ಬದಲಿಯಲ್ಲ. ಬೋರ್ಡಿನ ಕೊನೆಯ ಸಾಲಿನವರೆಗೂ ಓದುವವರ ರೆಟಿನಾದಲ್ಲೂ ಹೊಸ ನಾಳ ಹುಟ್ಟಿರಬಹುದು. ಮನೆಯಲ್ಲಿ ಇನ್ಯಾರಿಗೆ ಶುಗರ್ ಇದೆಯೋ ಅವರನ್ನೂ ವರ್ಷಕ್ಕೊಮ್ಮೆ, ಪಾಪೆ ಹಿಗ್ಗಿಸಿ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ತಿಂಗಳು ತುಂಬದೆ ಹುಟ್ಟಿದ ಮಗು ಇದ್ದರೆ

ಇದನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣವಿದೆ. ತಿಂಗಳು ತುಂಬದ ಮಗುವಿನ ರೆಟಿನಾದಲ್ಲಿ ನಾಳಗಳು ಅಂಚಿನವರೆಗೆ ಬೆಳೆದಿರುವುದಿಲ್ಲ. ನಾಳ ತಲುಪದ ಜಾಗ ಆಕ್ಸಿಜನ್ನಿಗಾಗಿ ವಿಇಜಿಎಫ್ ಬಿಡುತ್ತದೆ, ಅಡ್ಡಾದಿಡ್ಡಿ ನಾಳಗಳು ಹುಟ್ಟುತ್ತವೆ. ನೋಡಿಕೊಳ್ಳದಿದ್ದರೆ ಕೆಲವೇ ವಾರಗಳಲ್ಲಿ ಮಗು ಕುರುಡಾಗಬಹುದು. ಇದಕ್ಕೆ ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಮಗುವಿನ ಕಣ್ಣು ಮುತ್ತಿನ ಹಾಗೆ ಚೆನ್ನಾಗಿಯೇ ಇರುತ್ತದೆ, ತಾಯಿಗೆ ಏನೂ ಗೊತ್ತಾಗುವುದಿಲ್ಲ.

ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮ ನಡೆಯುತ್ತಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಇದನ್ನು ಶುರು ಮಾಡಿದರು. ತರಬೇತಿ ಪಡೆದ ತಂತ್ರಜ್ಞರು ಊರೂರಿನ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು ಮಗುವಿನ ರೆಟಿನಾದ ಫೋಟೋ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ಆ ಚಿತ್ರ ನೋಡಿ ಹೇಳುತ್ತಾರೆ.

ನೆನಪಿಡಬೇಕಾದ ಲೆಕ್ಕ ಇಷ್ಟೇ. ಮಗು 34 ವಾರಕ್ಕೆ ಮುಂಚೆ ಹುಟ್ಟಿದ್ದರೆ ಅಥವಾ ಹುಟ್ಟುವಾಗ 2 ಕೆಜಿಗಿಂತ ಕಮ್ಮಿ ಇದ್ದರೆ, ಹುಟ್ಟಿ 30 ದಿನ ಆಗುವುದರೊಳಗೆ ರೆಟಿನಾ ತಪಾಸಣೆ ಆಗಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದರೆ ಅಥವಾ 1200 ಗ್ರಾಂಗಿಂತ ಕಮ್ಮಿ ಇದ್ದರೆ ಇನ್ನೂ ಬೇಗ, ಎರಡರಿಂದ ಮೂರು ವಾರದೊಳಗೆ. ಒಮ್ಮೆ ನೋಡಿಸಿದರೆ ಮುಗಿಯುವುದಿಲ್ಲ, ನಾಳ ಪೂರ್ತಿ ಬೆಳೆಯುವವರೆಗೆ ಕರೆದಾಗಲೆಲ್ಲ ಹೋಗಬೇಕು. ಲೇಸರ್ ಬದಲು ಇಂಜೆಕ್ಷನ್ ಹಾಕಿದ್ದರೆ ಕಾಯಿಲೆ ತಡವಾಗಿ ಮರುಕಳಿಸಬಹುದು, ಹಾಗಾಗಿ ಇನ್ನೂ ಹೆಚ್ಚು ಕಾಲ ತೋರಿಸುತ್ತಿರಬೇಕು. ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಿಂದ ಮಗುವನ್ನು ಮನೆಗೆ ಕರೆತರುವಾಗ ಕಣ್ಣಿನ ತಪಾಸಣೆ ಯಾವತ್ತು, ಎಲ್ಲಿ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ.